ಆಯ್ಕೆಯ ಕಣ್ಣು, ಅಂಗಳದ ಬುದ್ಧಿ

ನಾಸಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ, ಕಾಲೇಜು ಮೈದಾನದ ಅಂಚಿನಲ್ಲಿ ನಿಂತು ಕಬಡ್ಡಿ ನೋಡುವವರು ತರಬೇತುದಾರನನ್ನು ಹೊಗಳುವುದು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ: ‘ಅವರ ಕಣ್ಣು ಬಲು ಚುರುಕು.’ ಯಾವ ಹಳ್ಳಿಯ ಯಾವ ಹುಡುಗನ ಕಾಲಿನಲ್ಲಿ ಚಿಗರೆಯ ವೇಗವಿದೆ, ಯಾವ ಹುಡುಗಿಯ ಹಿಡಿತ ಬಿಡಿಸಿಕೊಳ್ಳಲಾಗದಂಥದು ಎಂಬುದನ್ನು ಅವರು ನೋಡಿದೊಡನೆ ಬಲ್ಲರು ಎಂದು ಇದರ ಅರ್ಥ. ಈ ಹೊಗಳಿಕೆ ಸುಳ್ಳಲ್ಲ. ಆದರೆ ಇದೇ ಹೊಗಳಿಕೆಯಲ್ಲಿ ಒಂದು ಗೊಂದಲ ಅಡಗಿದೆ ಎಂದು ನಮಗೆ ಅನ್ನಿಸುತ್ತದೆ. ಆಟಗಾರರನ್ನು ಆರಿಸಿ ತರುವುದು ಒಂದು ವಿದ್ಯೆ, ಆರಿಸಿ ತಂದವರನ್ನು ಪಂದ್ಯದ ನಲವತ್ತು ನಿಮಿಷ ನಡೆಸುವುದು ಇನ್ನೊಂದು ವಿದ್ಯೆ. ಮೊದಲನೆಯದು ಬಲ್ಲವನಿಗೆ ಎರಡನೆಯದು ತಾನಾಗಿ ಬಂದೇ ಬರುತ್ತದೆ ಎಂದು ನಂಬಿ ನಮ್ಮ ಕಾಲೇಜುಗಳು, ಸಂಘಗಳು, ಅಕಾಡೆಮಿಗಳು ನಡೆಯುತ್ತಿವೆ. ಆ ನಂಬಿಕೆಗೆ ಬೆಲೆ ತೆರುತ್ತಿರುವವರು ತರಬೇತುದಾರರಲ್ಲ, ಮಕ್ಕಳು.

ಆಯ್ಕೆಯ ಕೆಲಸವನ್ನು ಹಗುರಾಗಿ ಕಾಣುವ ಉದ್ದೇಶ ನಮಗಿಲ್ಲ. ನಾಸಿಕ ಜಿಲ್ಲೆಯ ಸುರಗಾಣಾ, ಪೇಠ್ ತಾಲ್ಲೂಕುಗಳ ಆದಿವಾಸಿ ಹಾಡಿಗಳಿಗೆ, ಮರಾಠವಾಡದ ಬೀಡ್, ಜಾಲನಾ ಜಿಲ್ಲೆಗಳ ಒಣಭೂಮಿಯ ಹಳ್ಳಿಗಳಿಗೆ ಹೋಗಿ ಆಟಗಾರರನ್ನು ಹುಡುಕುವುದು ಸುಲಭವಲ್ಲ. ಬೀಡ್ ಕಡೆಯ ಎಷ್ಟೋ ಕುಟುಂಬಗಳು ವರ್ಷದ ಅರ್ಧಭಾಗ ಕಬ್ಬು ಕಡಿಯಲು ವಲಸೆ ಹೋಗುತ್ತವೆ. ನಮ್ಮ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಗದ್ದೆಗಳಲ್ಲಿಯೂ ಆ ಜನರನ್ನು ಕಾಣಬಹುದು. ಅಂಥ ಮನೆಯ ಹುಡುಗನನ್ನು ಕೊಯ್ತದಿಂದ ಬಿಡಿಸಿ ಕಾಲೇಜಿಗೆ ಸೇರಿಸಬೇಕಾದರೆ ತರಬೇತುದಾರ ತಂದೆಗೆ ಭರವಸೆ ಕೊಡಬೇಕು, ಹಾಸ್ಟೆಲ್ ಹೊಂದಿಸಬೇಕು, ಶುಲ್ಕಕ್ಕೆ ಯಾರನ್ನಾದರೂ ಒಪ್ಪಿಸಬೇಕು, ಹಾಲು-ಮೊಟ್ಟೆಯ ಖರ್ಚನ್ನು ಒಮ್ಮೊಮ್ಮೆ ತನ್ನ ಕಿಸೆಯಿಂದಲೇ ಕೊಡಬೇಕು. ನಾಸಿಕದ ಸಾವರಪಾಡಾ ಎಂಬ ಆದಿವಾಸಿ ಹಾಡಿಯ ಕವಿತಾ ರಾವುತ್ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10,000 ಮೀಟರ್ ಓಟದ ಕಂಚು, ಅದೇ ವರ್ಷದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದುದರ ಹಿಂದೆ ಇಂಥದೊಂದು ಕಣ್ಣು ಇದ್ದೇ ಇತ್ತು. ಆ ಕಣ್ಣಿಲ್ಲದಿದ್ದರೆ ಮುಂದಿನ ಚರ್ಚೆಗೆ ಅವಕಾಶವೇ ಇಲ್ಲ.

ಹಾಗಾದರೆ ಪಂದ್ಯ ನಿರ್ವಹಣೆ ಎಂದರೇನು? ಕಬಡ್ಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಪುರುಷರ ಪಂದ್ಯದಲ್ಲಿ 20 ನಿಮಿಷಗಳ ಎರಡು ಅವಧಿಗಳು, ಪ್ರತಿ ರೇಡಿಗೆ 30 ಸೆಕೆಂಡು. ಒಂದು ತಂಡ ಸತತವಾಗಿ ಎರಡು ರೇಡುಗಳಲ್ಲಿ ಅಂಕವಿಲ್ಲದೆ ಬಂದರೆ ಮೂರನೆಯದು ಮಾಡು ಇಲ್ಲವೆ ಮಡಿ ರೇಡ್. ಅದರಲ್ಲಿ ಅಂಕ ತರದಿದ್ದರೆ ರೇಡರ್ ಔಟ್. ಅಂಗಳದಲ್ಲಿ ಮೂವರೋ ಅದಕ್ಕಿಂತ ಕಡಮೆ ಜನರೋ ಉಳಿದಾಗ ಎದುರಾಳಿಯನ್ನು ಹಿಡಿದರೆ ಹೆಚ್ಚುವರಿ ಅಂಕ. ಏಳೂ ಜನ ಔಟಾದರೆ ಎದುರಾಳಿಗೆ ಎರಡು ಅಂಕದ ಲೋನಾ. ಈಗ ಒಂದು ತಂಡ ನಾಲ್ಕು ಅಂಕಗಳಿಂದ ಮುಂದಿದೆ, ಆಟ ಮುಗಿಯಲು ಎರಡು ನಿಮಿಷ ಉಳಿದಿದೆ ಎಂದುಕೊಳ್ಳಿ. ಆ ತಂಡದ ರೇಡರ್ ಬಾಕ್ ಲೈನ್ ದಾಟಿ, ಮೂವತ್ತೂ ಸೆಕೆಂಡು ಕಳೆದು, ಯಾರನ್ನೂ ಮುಟ್ಟದೆ ಹಿಂದಿರುಗಿದರೆ ಅದು ಹೇಡಿತನವಲ್ಲ, ಜಾಣತನ. ಆದರೆ ಆ ಜಾಣತನಕ್ಕೂ ಲೆಕ್ಕ ಬೇಕು. ಎರಡು ಖಾಲಿ ರೇಡುಗಳ ನಂತರ ಬರುವ ಮೂರನೆಯದು ಗಡಿಯಾರ ನಿಂತ ಮೇಲೆ ಬೀಳಬೇಕು, ಅದಕ್ಕಿಂತ ಮುಂಚೆ ಬಿದ್ದರೆ ಎದುರಾಳಿಯ ಕೈಗೆ ನಾವೇ ಅಸ್ತ್ರ ಕೊಟ್ಟಂತೆ. ಯಾರನ್ನು ಕಳಿಸಬೇಕು, ಟೈಮ್‌ಔಟನ್ನು ಈಗ ಬಳಸಬೇಕೋ ಉಳಿಸಿಕೊಳ್ಳಬೇಕೋ, ದಣಿದ ಕಾರ್ನರ್ ಡಿಫೆಂಡರನ್ನು ಬದಲಿಸಬೇಕೋ ಬೇಡವೋ ಎಂಬ ತೀರ್ಮಾನಗಳನ್ನು ಬೆಂಚಿನಲ್ಲಿ ಕುಳಿತವನು ಕೆಲವೇ ಉಸಿರುಗಳಲ್ಲಿ ಮಾಡಬೇಕಾಗುತ್ತದೆ.

ನಮ್ಮ ಅಂತರ ಕಾಲೇಜು ಪಂದ್ಯಗಳಲ್ಲಿ ಈ ಹೊತ್ತಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ನೋಡಿದವರಿಗೆ ಗೊತ್ತು. ಮುಂದಿರುವ ತಂಡದ ಹುಡುಗ ಪ್ರೇಕ್ಷಕರ ಕೂಗಿಗೆ ಉಬ್ಬಿ ಇನ್ನೊಂದು ಅಂಕಕ್ಕೆ ಕೈಹಾಕುತ್ತಾನೆ, ಸಿಕ್ಕಿಬೀಳುತ್ತಾನೆ. ತರಬೇತುದಾರ ಗೆರೆಯ ಆಚೆಯಿಂದ ಕೂಗುತ್ತಲೇ ಇರುತ್ತಾನೆ. ಮೊದಲ ನಿಮಿಷದಿಂದಲೂ ಕೂಗುತ್ತಿರುವುದರಿಂದ ಆ ಧ್ವನಿಗೆ ಕೊನೆಯ ನಿಮಿಷದಲ್ಲಿ ಯಾವ ವಿಶೇಷ ಅರ್ಥವೂ ಉಳಿದಿರುವುದಿಲ್ಲ. ಟೈಮ್‌ಔಟ್‌ಗಳು ಮೊದಲೇ ಕೋಪದಲ್ಲಿ ಖರ್ಚಾಗಿರುತ್ತವೆ. ಪಂದ್ಯ ಸೋತಮೇಲೆ ಸಭೆ ಸೇರಿ ತೀರ್ಮಾನವಾಗುವುದು ಒಂದೇ: ಮುಂದಿನ ವರ್ಷ ಇನ್ನೂ ಒಳ್ಳೆಯ ರೇಡರನ್ನು ಹುಡುಕಬೇಕು. ನಿರ್ವಹಣೆಯ ರೋಗಕ್ಕೆ ಆಯ್ಕೆಯ ಮದ್ದು ಕುಡಿಸುತ್ತೇವೆ.

ಈ ರೋಗ ನಮ್ಮ ನೆಲಕ್ಕಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಕೋಟ್ಯಂತರ ಡಾಲರಿನ ವ್ಯವಹಾರ. ಅಲ್ಲಿ ಪ್ರೌಢಶಾಲೆಯ ಹುಡುಗರನ್ನು ಸೆಳೆದು ತರುವುದರಲ್ಲಿ ಯಾವ ತರಬೇತುದಾರ ಎಷ್ಟನೆಯ ಸ್ಥಾನ ಎಂಬುದಕ್ಕೂ ಪಟ್ಟಿಗಳುಂಟು. ಅಂಥ ಪಟ್ಟಿಗಳಲ್ಲಿ ಸದಾ ಮೇಲಿರುವವರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಮಾರಿಯೋ ಕ್ರಿಸ್ಟೊಬಾಲ್ ಒಬ್ಬರು. 2023ರ ಅಕ್ಟೋಬರ್ 7ರಂದು ಜಾರ್ಜಿಯಾ ಟೆಕ್ ವಿರುದ್ಧ ಅವರ ತಂಡ 20–17ರಿಂದ ಮುಂದಿತ್ತು. ಅರ್ಧ ನಿಮಿಷದಷ್ಟು ಆಟ ಮಾತ್ರ ಬಾಕಿ, ಚೆಂಡು ಅವರ ಕೈಯಲ್ಲೇ, ಎದುರಾಳಿಯ ಟೈಮ್‌ಔಟ್‌ಗಳೆಲ್ಲ ಮುಗಿದಿದ್ದವು. ಚೆಂಡು ಹಿಡಿದ ಆಟಗಾರ ಅಲ್ಲೇ ಮಂಡಿಯೂರಿದ್ದರೆ ಗಡಿಯಾರ ಓಡಿ ಪಂದ್ಯ ಮುಗಿಯುತ್ತಿತ್ತು. ಅದು ಅಲ್ಲಿನ ಖಾಲಿ ರೇಡ್. ಅದರ ಬದಲು ಚೆಂಡನ್ನು ಹಿಡಿದು ಓಡುವ ಆಟ ಆಡಿಸಿದರು. ಚೆಂಡು ಕೈಜಾರಿತು, ಎದುರಾಳಿಗೆ ಸಿಕ್ಕಿತು. ಜಾರ್ಜಿಯಾ ಟೆಕ್ 74 ಗಜ ಕ್ರಮಿಸಿ, ಒಂದೇ ಸೆಕೆಂಡು ಉಳಿದಿರುವಾಗ ಅಂಕ ಗಳಿಸಿ 23–20ರಿಂದ ಗೆದ್ದಿತು. ಆ ದಿನ ಮಯಾಮಿಗೆ ಬೇಕಾಗಿದ್ದುದು ಇನ್ನೊಬ್ಬ ಪ್ರತಿಭಾವಂತನಲ್ಲ; ‘ಈಗ ಏನೂ ಮಾಡಬೇಡಿ’ ಎಂದು ಹೇಳುವ ಒಂದು ಶಾಂತ ಧ್ವನಿ.

ನಮ್ಮ ವೃತ್ತಿಪರ ಕಬಡ್ಡಿಗೆ ಬರೋಣ. 2022ರ ಪ್ರೊ ಕಬಡ್ಡಿ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರನ್ನು ತಮಿಳ್ ತಲೈವಾಸ್ ತಂಡ 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಅವರು ಗಾಯಗೊಂಡು ಇಡೀ ಋತುವಿನಿಂದ ಹೊರಬಿದ್ದರು. ಆದರೂ ಆ ತಂಡ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದ್ದು ಅದೇ ಋತುವಿನಲ್ಲಿ. ಮರುವರ್ಷದ ಹರಾಜಿನಲ್ಲಿ ಅದೇ ಆಟಗಾರನನ್ನು ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟು ಪಡೆಯಿತು. ಈ ಬಾರಿ ಅವರು ಆಡಿದರು, ಚೆನ್ನಾಗಿಯೂ ಆಡಿದರು. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕಟ್ಟಕಡೆಯ ಸ್ಥಾನದಲ್ಲಿ ಉಳಿಯಿತು. ಒಬ್ಬ ಶ್ರೇಷ್ಠ ರೇಡರನ್ನು ತರುವುದಕ್ಕೂ ಆತನ ಸುತ್ತ ಪಂದ್ಯ ಗೆಲ್ಲುವುದಕ್ಕೂ ನಡುವೆ ಇರುವ ಅಂತರ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಅದೇ ಲೀಗಿನಲ್ಲಿ ಇನ್ನಿಬ್ಬರ ಕಥೆಯನ್ನು ಜೊತೆಯಾಗಿಟ್ಟು ನೋಡಬೇಕು. ಮನ್‌ಪ್ರೀತ್ ಸಿಂಗ್ ಗುಜರಾತ್ ತಂಡವನ್ನು ಸತತ ಎರಡು ಋತುಗಳಲ್ಲಿ ಫೈನಲ್‌ಗೆ ಕೊಂಡೊಯ್ದರು, ಎರಡರಲ್ಲೂ ಸೋತರು. ಎರಡನೆಯದು 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಪಂದ್ಯ. ವಿರಾಮದ ಹೊತ್ತಿಗೆ ಗುಜರಾತ್ 16–9ರಿಂದ ಮುಂದಿತ್ತು. ಕೊನೆಗೆ ಬೆಂಗಳೂರು ಬುಲ್ಸ್ 38–33ರಿಂದ ಗೆದ್ದಿತು. ಮುಂದೆ ಅವರು ಹರಿಯಾಣ ಸ್ಟೀಲರ್ಸ್ ತಂಡ ಕಟ್ಟಿ 2024ರ ಮಾರ್ಚ್‌ನಲ್ಲಿ ಮತ್ತೆ ಫೈನಲ್ ಮುಟ್ಟಿದರು, ಪುಣೇರಿ ಪಲ್ಟನ್ ಎದುರು 25–28ರಿಂದ ಮತ್ತೆ ಸೋತರು. ಆ ದಿನ ಪುಣೆಯ ಬೆಂಚಿನಲ್ಲಿ ಕುಳಿತಿದ್ದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. 2019ರ ಅಕ್ಟೋಬರ್‌ನಲ್ಲಿ ಅವರು ಬೆಂಗಾಲ್ ವಾರಿಯರ್ಸ್ ತಂಡವನ್ನು ಚಾಂಪಿಯನ್ ಮಾಡಿದಾಗ ನಾಯಕ ಮಣಿಂದರ್ ಸಿಂಗ್ ಗಾಯದಿಂದಾಗಿ ಫೈನಲ್ ಆಡಿರಲೇ ಇಲ್ಲ. ಮುಖ್ಯ ರೇಡರ್ ಇಲ್ಲದೆ, ಆರಂಭದಲ್ಲೇ ಹಿಂದೆ ಬಿದ್ದು, ಆ ತಂಡ ದೆಹಲಿಯನ್ನು 39–34ರಿಂದ ಸೋಲಿಸಿತು. ತನ್ನಲ್ಲಿ ಏನಿಲ್ಲ ಎಂದು ಕೊರಗದೆ ಏನಿದೆಯೋ ಅದನ್ನು ಯಾವಾಗ ಬಳಸಬೇಕೆಂದು ಬಲ್ಲ ಬುದ್ಧಿ ಅದು.

ಮನ್‌ಪ್ರೀತ್ ಅವರ ಕಥೆ ಅಲ್ಲಿಗೆ ನಿಲ್ಲುವುದಿಲ್ಲ ಎಂಬುದು ನಮಗೆ ಹೆಚ್ಚು ಮುಖ್ಯ. 2024ರ ಡಿಸೆಂಬರ್ 29ರಂದು ಪುಣೆಯಲ್ಲಿ ಹರಿಯಾಣ ತಂಡ ಪಟ್ನಾವನ್ನು 32–23ರಿಂದ ಮಣಿಸಿ ಕಪ್ ಎತ್ತಿತು. ಮೂರು ಫೈನಲ್ ಸೋತವರು ನಾಲ್ಕನೆಯದನ್ನು ಗೆದ್ದರು. ಪಂದ್ಯ ನಿರ್ವಹಣೆ ಹುಟ್ಟಿನಿಂದ ಬರುವ ವರವಲ್ಲ, ಸೋಲಿನಿಂದ, ಲೆಕ್ಕದಿಂದ, ತಾಳ್ಮೆಯಿಂದ ಕಲಿಯಬಹುದಾದ ವಿದ್ಯೆ ಎಂಬುದನ್ನು ಇದು ತೋರಿಸುತ್ತದೆ. ಆದರೆ ಕಲಿಯಲು ಅವರಿಗೆ ನಾಲ್ಕು ಅವಕಾಶಗಳು ಸಿಕ್ಕಿದವು. ಕಾಲೇಜಿನ ಹುಡುಗನಿಗೆ ಆಡಲು ಸಿಗುವುದು ಮೂರೇ ವರ್ಷ.

ಆಯ್ಕೆಯಲ್ಲಿ ನಿಪುಣರಾದವರೇ ನಿರ್ವಹಣೆಯಲ್ಲಿ ಎಡವುವುದೇಕೆ? ಇದು ಬರೀ ಆಕಸ್ಮಿಕವಲ್ಲ. ಆಯ್ಕೆಯ ಗುಣಗಳೇ ಬೆಂಚಿನಲ್ಲಿ ದೋಷಗಳಾಗಿ ತಿರುಗುತ್ತವೆ ಎಂದು ನಾವು ತಿಳಿಯುತ್ತೇವೆ. ಆಯ್ಕೆ ಮಾಡುವವನಿಗೆ ವಾತ್ಸಲ್ಯ ಬೇಕು. ಹುಡುಗನ ತಾಯಿಯ ಎದುರು ಕುಳಿತು, ಅವಳು ಕೊಟ್ಟ ಚಹಾ ಕುಡಿದು, ‘ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಮಾತು ಕೊಟ್ಟವನು ಅವನು. ಅದೇ ಹುಡುಗ ಮಹತ್ತ್ವದ ಪಂದ್ಯದಲ್ಲಿ ಮೂರು ಬಾರಿ ಸತತವಾಗಿ ಸಿಕ್ಕಿಬಿದ್ದಾಗ ಅವನನ್ನು ಹೊರಗೆ ಕರೆದು ಕೂರಿಸಲು ಮನಸ್ಸು ಗಟ್ಟಿ ಮಾಡಬೇಕು. ಕೊಟ್ಟ ಮಾತು ಅಡ್ಡ ಬರುತ್ತದೆ. ಬದಲಿ ಆಟಗಾರ ಬೆಂಚಿನಲ್ಲಿ ಬೆವರದೆ ಕುಳಿತಿರುತ್ತಾನೆ, ಪಂದ್ಯ ಕೈಬಿಟ್ಟುಹೋಗುತ್ತದೆ.

ಎರಡನೆಯ ಕಾರಣ ಸಮೃದ್ಧಿ. ಒಳ್ಳೆಯ ಆಟಗಾರರಿರುವ ತಂಡ ದುರ್ಬಲ ತಂಡಗಳನ್ನು ಇಪ್ಪತ್ತು ಅಂಕಗಳ ಅಂತರದಿಂದ ಸೋಲಿಸುತ್ತಾ ಬರುತ್ತದೆ. ಜಿಲ್ಲೆಯ ಮಟ್ಟದಲ್ಲಿ, ವಿಶ್ವವಿದ್ಯಾಲಯದ ವಲಯ ಮಟ್ಟದಲ್ಲಿ ಅದಕ್ಕೆ ಬಿಗಿಯಾದ ಕೊನೆಯ ಐದು ನಿಮಿಷಗಳೇ ಒದಗುವುದಿಲ್ಲ. ಹೀಗಾಗಿ ತಪ್ಪು ತೀರ್ಮಾನಗಳಿಗೆ ಶಿಕ್ಷೆಯಾಗದೆ ಅವು ಅಭ್ಯಾಸಗಳಾಗಿ ಬೇರೂರುತ್ತವೆ. ಸಮಬಲದ ಎದುರಾಳಿ ಸಿಕ್ಕ ದಿನ, ತರಬೇತುದಾರ ತನ್ನ ಜೀವನದಲ್ಲೇ ಮೊದಲ ಬಾರಿಗೆ ಆ ಪ್ರಶ್ನೆಪತ್ರಿಕೆಯನ್ನು ಬಿಡಿಸಿ ನೋಡುತ್ತಾನೆ. ಬಡ ತಂಡದ ತರಬೇತುದಾರನಿಗೆ ಈ ಕಷ್ಟವಿಲ್ಲ. ಅವನ ಪಂದ್ಯಗಳೆಲ್ಲ ಬಿಗಿಯಾದವೇ, ಅವನು ಪ್ರತಿ ವಾರ ಪರೀಕ್ಷೆ ಬರೆದವನು.

ಮೂರನೆಯ ಕಾರಣ ನಮ್ಮ ಸಂಸ್ಥೆಗಳಲ್ಲಿದೆ. ಆಯ್ಕೆಗೆ ಲೆಕ್ಕಪತ್ರವಿದೆ: ಎಷ್ಟು ರಾಜ್ಯಮಟ್ಟದ ಆಟಗಾರರನ್ನು ಸೇರಿಸಿಕೊಂಡೆವು, ಅವರಲ್ಲಿ ಎಷ್ಟು ಜನ ಮುಂದಕ್ಕೆ ಹೋದರು ಎಂಬುದು ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ, ಗೋಡೆಯ ಫಲಕಗಳಲ್ಲಿ ಫೋಟೋಗಳಾಗುತ್ತವೆ. 37ನೆಯ ನಿಮಿಷದಲ್ಲಿ ಉಳಿಸಿಕೊಂಡ ಒಂದು ಟೈಮ್‌ಔಟ್ ಯಾವ ವರದಿಯಲ್ಲೂ ಬರುವುದಿಲ್ಲ. ಎಣಿಸಲು ಬರುವುದನ್ನೇ ಗುಣವೆಂದು ತಿಳಿಯುವ ಪದ್ಧತಿಯಲ್ಲಿ ಎಣಿಕೆಗೆ ಸಿಗದ ಗುಣ ಬೆಳೆಯುವುದಾದರೂ ಹೇಗೆ?

ತಂಡದ ಆಟಗಳಲ್ಲಿ ಮಾತ್ರ ಈ ಮಾತು ನಿಜವೆಂದು ತಿಳಿಯಬೇಕಾಗಿಲ್ಲ. ಬೀಡ್ ಜಿಲ್ಲೆಯ ಮಾಂಡವಾ ಹಳ್ಳಿಯ ಅವಿನಾಶ್ ಸಾಬಳೆ ಅವರ 2022ರ ಬೇಸಗೆಯನ್ನು ನೆನೆಯಬಹುದು. ಆ ಜೂನ್‌ನಲ್ಲಿ ಅವರು 3000 ಮೀಟರ್ ಸ್ಟೀಪಲ್‌ಚೇಸನ್ನು 8 ನಿಮಿಷ 12.48 ಸೆಕೆಂಡುಗಳಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದ್ದರು. ಜುಲೈನಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಗುಂಪು ಬೇಕೆಂದೇ ನಿಧಾನವಾಗಿ ಓಡಿತು. ಗೆದ್ದವರ ಸಮಯವೇ 8:25.13. ಸಾಬಳೆ 8:31.75ರಲ್ಲಿ 11ನೆಯವರಾದರು. ಅಂದರೆ ಗೆದ್ದವರಿಗಿಂತ ವೇಗವಾಗಿ ಓಡಿದ ದಾಖಲೆ ಕಾಲುಗಳಲ್ಲಿದ್ದರೂ ಓಟದ ನಡೆ ಅವರ ಕೈಯಲ್ಲಿರಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 6ರಂದು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ, ಅವರು ಕೀನ್ಯದ ಓಟಗಾರರ ಬೆನ್ನು ಬಿಡದೆ 8:11.20ರಲ್ಲಿ ಬೆಳ್ಳಿ ಗೆದ್ದರು. ಚಿನ್ನ ತಪ್ಪಿದ್ದು 0.05 ಸೆಕೆಂಡಿನಿಂದ. ಆ ಮೂರು ವಾರಗಳಲ್ಲಿ ಶ್ವಾಸಕೋಶ ದೊಡ್ಡದಾಗಿರಲಿಲ್ಲ. ಬದಲಾದದ್ದು ಓಟವನ್ನು ಓಡಿದ ರೀತಿ.

ಈ ನೆಲದ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ನಾಸಿಕ ಜಿಲ್ಲೆಯ ಸಿನ್ನರ್‌ನಿಂದ ಹೊರಟು ದೇವಗಿರಿಯಲ್ಲಿ ನೆಲೆನಿಂತ ಸೇವುಣರು ಕನ್ನಡಿಗರಿಗೆ ಪರಕೀಯರಲ್ಲ. ಅವರ ಕನ್ನಡ ಶಾಸನಗಳು ನಮ್ಮ ನಾಡಿನ ತುಂಬ ಹರಡಿವೆ. ಸಂಭಾಜಿನಗರದಿಂದ ಹದಿನೈದು ಕಿಲೋಮೀಟರು ಹೋದರೆ ಅವರ ದೇವಗಿರಿಯ ಬಂಡೆ ಇಂದಿಗೂ ಎದೆ ನಡುಗಿಸುವಂತೆ ನಿಂತಿದೆ. 1296ರಲ್ಲಿ ಅಲಾವುದ್ದೀನ್ ಖಿಲ್ಜಿ ದಾಳಿ ಮಾಡಿದಾಗ ರಾಜ ರಾಮಚಂದ್ರನ ಬಳಿ ಆ ಕೋಟೆಯಿತ್ತು, ಸಂಪತ್ತಿತ್ತು, ಸೈನ್ಯವೂ ಇತ್ತು. ಆದರೆ ಮುಖ್ಯ ಸೈನ್ಯ ರಾಜಕುಮಾರನೊಡನೆ ದೂರ ಹೋಗಿತ್ತು. ಅವಸರದಲ್ಲಿ ಕೋಟೆಯೊಳಗೆ ಸಾಗಿಸಿದ ಮೂಟೆಗಳಲ್ಲಿ ಧಾನ್ಯವಿದೆಯೆಂದು ನಂಬಿದ್ದರು, ಬಿಚ್ಚಿ ನೋಡಿದಾಗ ಉಪ್ಪಿತ್ತು ಎಂಬ ಕಥೆ ಹಳೆಯ ಚರಿತ್ರೆಕಾರರಿಂದ ನಡೆದುಬಂದಿದೆ. ಅದೇ ಪ್ರದೇಶದಲ್ಲಿ ಮೂರು ಶತಮಾನಗಳ ಮೇಲೆ ಮಲಿಕ್ ಅಂಬರ್ ಬಂದ. ಇಂದಿನ ಸಂಭಾಜಿನಗರವನ್ನು ಖಡಕಿ ಎಂಬ ಹೆಸರಿನಲ್ಲಿ ಕಟ್ಟಿದವನು ಅವನೇ. 1624ರಲ್ಲಿ ಮೊಘಲರ ಮತ್ತು ನಮ್ಮ ವಿಜಯಪುರದ ಆದಿಲಶಾಹಿಯ ಕೂಡುಪಡೆ ಎದುರು ನಿಂತಾಗ ಅವನು ಭಾತವಡಿಯ ಕೆರೆಯ ಏರಿ ಒಡೆಸಿ ಶತ್ರುಶಿಬಿರದ ನೆಲವನ್ನು ಕೆಸರು ಮಾಡಿದ, ರಾತ್ರಿ ದಾಳಿಗಳಿಂದ ದಣಿಸಿದ, ಆಮೇಲೆ ಹೊಡೆದ. ದೇವಗಿರಿಯಲ್ಲಿ ಇದ್ದುದು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿರಲಿಲ್ಲ. ಭಾತವಡಿಯಲ್ಲಿ ಕಡಮೆಯಿದ್ದುದೇ ಹೊತ್ತರಿತು ನಡೆದು ಸಾಕಾಯಿತು.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತೂ ಇದೆ, ಅದು ನ್ಯಾಯವಾದದ್ದೇ. ಆಟಗಾರರೇ ಇಲ್ಲದಿದ್ದರೆ ನಿರ್ವಹಣೆ ಏನನ್ನು ನಿರ್ವಹಿಸೀತು? ಗೆಲ್ಲುವ ತಂಡಗಳಲ್ಲಿ ಬಹುಪಾಲು ಒಳ್ಳೆಯ ಆಟಗಾರರಿರುವ ತಂಡಗಳೇ ಅಲ್ಲವೇ? ಹೌದು. ಈಜು, ಓಟದಂಥ ವೈಯಕ್ತಿಕ ಸ್ಪರ್ಧೆಗಳಲ್ಲಿ ಆಯ್ಕೆಯೇ ಮುಕ್ಕಾಲು ಗೆಲುವು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನಗಳೊಂದಿಗೆ ಪದಕಪಟ್ಟಿಯ ಮೇಲೆ ನಿಂತಿತು, ಅದರಲ್ಲಿ ಈಜುಕೊಳದ ಪಾಲು ದೊಡ್ಡದು. ಒಳ್ಳೆಯ ಈಜುಗಾರರನ್ನು ಸೇರಿಸಿಕೊಳ್ಳುವುದು ಅಲ್ಲಿ ಸರಿಯಾದ ನೀತಿಯೇ. ಆದರೆ ಕಬಡ್ಡಿ, ಖೋ ಖೋ, ಕ್ರಿಕೆಟ್‌ನಂಥ ಆಟಗಳು ಈಜುಕೊಳದ ಗೆರೆಗಳಲ್ಲ. ಅಲ್ಲಿ ಒಬ್ಬನ ಹೆಜ್ಜೆ ಇನ್ನೊಬ್ಬನ ಹೆಜ್ಜೆಯನ್ನು ಬದಲಿಸುತ್ತದೆ. ಖೋ ಖೋದಲ್ಲಿ ಯಾವ ಮೂವರು ಓಟಗಾರರನ್ನು ಮೊದಲು ಒಳಗೆ ಬಿಡಬೇಕು, ಯಾರನ್ನು ಕೊನೆಗೆ ಉಳಿಸಿಕೊಳ್ಳಬೇಕು ಎಂಬ ಅನುಕ್ರಮವೊಂದೇ ಪಂದ್ಯವನ್ನು ತಿರುಗಿಸಬಲ್ಲದು. ಕ್ರಿಕೆಟಿನ ಮಾತು ಬಂದರೆ ಹೊರನಾಡಿನ ಕನ್ನಡಿಗರೆಲ್ಲರ ಎದೆಯಲ್ಲಿ 2016ರ ಮೇ 29ರ ರಾತ್ರಿ ಇನ್ನೂ ಇದೆ: 209ರ ಗುರಿ ಬೆನ್ನಟ್ಟಿದ ನಮ್ಮ ಆರ್‌ಸಿಬಿ ಹತ್ತೂವರೆ ಓವರಿಗೆ ವಿಕೆಟ್ಟಿಲ್ಲದೆ 114 ತಲುಪಿತ್ತು, ಸೋತದ್ದು 8 ರನ್ನಿಂದ. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಒಂದೇ ತಂಡದಲ್ಲಿದ್ದರು. ಆ ಸಂಜೆ ಕೊರತೆಯಾದದ್ದು ಹೆಸರುಗಳಲ್ಲ.

ನಾವಿರುವ ಎರಡು ಊರುಗಳಿಗೂ ತಮ್ಮದೇ ಕ್ರಿಕೆಟ್ ತಂಡಗಳು ಒದಗಿದವು. 2023ರಲ್ಲಿ ಆರಂಭವಾದ ಮಹಾರಾಷ್ಟ್ರ ಪ್ರೀಮಿಯರ್ ಲೀಗಿನಲ್ಲಿ ನಾಸಿಕದ ತಂಡಕ್ಕೆ ರಾಹುಲ್ ತ್ರಿಪಾಠಿ, ಸಂಭಾಜಿನಗರದ ತಂಡಕ್ಕೆ ರಾಜವರ್ಧನ್ ಹಂಗರಗೇಕರ್ ಎಂಬ ಐಪಿಎಲ್ ಹೆಸರುಗಳು ಬಂದವು. ಮೊದಲ ಎರಡು ವರ್ಷ ಕಪ್ ಹೋದದ್ದು ಅಷ್ಟು ದೊಡ್ಡ ಹೆಸರಿಲ್ಲದ ಅಜೀಂ ಕಾಜಿ ನಾಯಕತ್ವದ ರತ್ನಾಗಿರಿಗೆ. ಹರಾಜಿನ ದಿನದ ಚಪ್ಪಾಳೆಗೂ ಋತುವಿನ ಕೊನೆಯ ಪಟ್ಟಿಗೂ ನೇರ ಸಂಬಂಧವಿಲ್ಲ ಎಂಬುದನ್ನು ನಮ್ಮ ಊರಿನವರು ಹತ್ತಿರದಿಂದಲೇ ಕಂಡಿದ್ದಾರೆ.

ಇದೆಲ್ಲ ಬರಿಯ ಆಟದ ಮಾತಾಗಿದ್ದರೆ ಇಷ್ಟು ದೀರ್ಘವಾಗಿ ಬರೆಯುವ ಅಗತ್ಯವಿರಲಿಲ್ಲ. ಮಹಾರಾಷ್ಟ್ರ ಸರ್ಕಾರದ ನೌಕರಿಗಳಲ್ಲಿ ಕ್ರೀಡಾಪಟುಗಳಿಗೆ ಶೇ. 5ರಷ್ಟು ಮೀಸಲಾತಿಯಿದೆ. ನಿಗದಿತ ಸ್ಪರ್ಧೆಗಳಲ್ಲಿ ನಿಗದಿತ ಸ್ಥಾನ ಪಡೆದವರಿಗೆ ಮಾತ್ರ ಅದು ದಕ್ಕುತ್ತದೆ. ಆದ್ದರಿಂದ ಮೂರನೆಯ ಸ್ಥಾನದ ಪಂದ್ಯದಲ್ಲಿ ಎರಡು ಅಂಕದಿಂದ ಸೋತ ತಂಡದ ಹುಡುಗ ಕಳೆದುಕೊಳ್ಳುವುದು ಒಂದು ಲೋಹದ ಬಿಲ್ಲೆಯನ್ನಲ್ಲ. ಪೊಲೀಸ್ ಇಲಾಖೆಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಸಿಗಬಹುದಾಗಿದ್ದ ಸಂಬಳವನ್ನು, ತಂಗಿಯ ಶಿಕ್ಷಣವನ್ನು, ತಂದೆಯ ಕೈಯಿಂದ ಕೊಯ್ತದ ಕತ್ತಿ ಇಳಿಸುವ ದಿನವನ್ನು. ಆ ಹುಡುಗನನ್ನು ಹಳ್ಳಿಯಿಂದ ಕರೆತಂದದ್ದಕ್ಕೆ ತರಬೇತುದಾರನಿಗೆ ಮೆಚ್ಚುಗೆ ಸಿಕ್ಕಿರುತ್ತದೆ. ಪಂದ್ಯ ಸೋತದ್ದಕ್ಕೆ ದೂರು ಬರುವುದು ಮಾತ್ರ ಕೊನೆಯ ರೇಡಿನಲ್ಲಿ ಸಿಕ್ಕಿಬಿದ್ದ ಹುಡುಗನ ಮೇಲೆ. ಅವನನ್ನು ಆ ರೇಡಿಗೆ ಕಳಿಸಿದ್ದು ಯಾರು, ಏಕೆ ಕಳಿಸಿದರು, ಕಳಿಸುವಾಗ ಏನು ಹೇಳಿದರು ಎಂದು ಯಾರೂ ಕೇಳುವುದಿಲ್ಲ. ಮೂರು ವರ್ಷ ಮುಗಿಯುತ್ತದೆ, ಅವನು ಊರಿಗೆ ಹಿಂದಿರುಗುತ್ತಾನೆ, ತರಬೇತುದಾರ ಮುಂದಿನ ಹುಡುಗನನ್ನು ಹುಡುಕಲು ಹೊರಡುತ್ತಾನೆ.

ಪರಿಹಾರಗಳು ದುಬಾರಿಯಲ್ಲ. ಮೊದಲನೆಯದು, ಕೊನೆಯ ಐದು ನಿಮಿಷಗಳನ್ನು ಅಭ್ಯಾಸ ಮಾಡುವುದು. ನಮ್ಮ ತಂಡಗಳು ಬೆಳಗ್ಗೆ ಓಡುತ್ತವೆ, ಸಂಜೆ ಹಿಡಿತಗಳನ್ನು ಕಲಿಯುತ್ತವೆ. ಆದರೆ ಫಲಕದ ಮೇಲೆ 28–26 ಎಂದು ಬರೆದು, ಗಡಿಯಾರವನ್ನು ನಾಲ್ಕು ನಿಮಿಷಕ್ಕೆ ಇಟ್ಟು, ಒಂದು ಕಡೆ ಐದು ಜನ ಇನ್ನೊಂದು ಕಡೆ ಮೂವರನ್ನು ನಿಲ್ಲಿಸಿ ಆಡುವುದನ್ನು ನಾವು ವಿರಳವಾಗಿ ಕಂಡಿದ್ದೇವೆ. ವಾರಕ್ಕೊಂದು ಸಂಜೆ ಹೀಗೆ ಆಡಿದರೆ ಸಾಕು, ಹುಡುಗರಿಗೂ ಬೆಂಚಿಗೂ ಆ ಹೊತ್ತು ಅಪರಿಚಿತವಾಗಿ ಉಳಿಯುವುದಿಲ್ಲ.

ಎರಡನೆಯದು, ಬೆಂಚಿನಲ್ಲಿ ಇನ್ನೊಬ್ಬರನ್ನು ಕೂರಿಸುವುದು. ಆಟಗಾರರನ್ನು ಹೃದಯಕ್ಕೆ ಹಚ್ಚಿಕೊಂಡ ತರಬೇತುದಾರನ ಪಕ್ಕದಲ್ಲಿ, ಗಡಿಯಾರ, ಖಾಲಿ ರೇಡುಗಳ ಎಣಿಕೆ, ಉಳಿದ ಟೈಮ್‌ಔಟ್ ಇಷ್ಟನ್ನೇ ನೋಡುವ ಒಬ್ಬರು ಇರಲಿ. ಅವರು ಹಳೆಯ ಆಟಗಾರರಿರಬಹುದು, ಗಣಿತದ ಅಧ್ಯಾಪಕರೂ ಇರಬಹುದು. ಯಾರನ್ನು ಯಾವಾಗ ಬದಲಿಸುವುದು ಎಂಬುದನ್ನು ಪಂದ್ಯಕ್ಕೆ ಮುಂಚೆಯೇ ಬರೆದಿಟ್ಟರೆ, ಕೂರಿಸಿಕೊಳ್ಳುವ ಹುಡುಗನಿಗೂ ಅದು ಅವಮಾನವಾಗದೆ ಒಪ್ಪಂದವಾಗುತ್ತದೆ, ಗುರುವಿನ ವಾತ್ಸಲ್ಯಕ್ಕೂ ಭಂಗ ಬರುವುದಿಲ್ಲ.

ಮೂರನೆಯದು, ತೀರ್ಮಾನಗಳ ಲೆಕ್ಕ ಇಡುವುದು. ಪಂದ್ಯ ಮುಗಿದ ಮೇಲೆ ಆಟಗಾರರ ತಪ್ಪುಗಳನ್ನು ಓದುವ ಸಭೆಯಲ್ಲಿ ಬೆಂಚಿನ ತೀರ್ಮಾನಗಳನ್ನೂ ಓದಬೇಕು. ಕಾಲೇಜಿನ ಆಡಳಿತ ಮಂಡಳಿ ತರಬೇತುದಾರನನ್ನು ಅಳೆಯುವಾಗ ‘ಯಾರನ್ನು ತಂದಿರಿ’ ಎಂಬ ಪ್ರಶ್ನೆಯ ಜೊತೆಗೆ ‘ಬಿಗಿಯಾದ ಪಂದ್ಯಗಳಲ್ಲಿ ಏನು ಮಾಡಿದಿರಿ’ ಎಂದೂ ಕೇಳಬೇಕು. ಎರಡೂ ವಿದ್ಯೆಗಳು ಒಬ್ಬನಲ್ಲೇ ಇರಬೇಕೆಂಬ ಹಟವೂ ಬೇಡ. ಹುಡುಕುವವರು ಹುಡುಕಲಿ, ನಡೆಸುವವರು ನಡೆಸಲಿ. ಇಬ್ಬರ ಗೌರವವೂ ಒಂದೇ ಇರಲಿ.

ನಾಸಿಕ ಜಿಲ್ಲೆಯ ರೇಡರ್ ಆಕಾಶ್ ಶಿಂದೆ ಪುಣೆಯಲ್ಲಿ ಬಿ.ಸಿ. ರಮೇಶ್ ಅವರ ತಂಡದಲ್ಲಿ ಆಡಿದವರು. 2025ರಲ್ಲಿ ರಮೇಶ್ ಬೆಂಗಳೂರು ಬುಲ್ಸ್ ತರಬೇತುದಾರರಾದಾಗ ಶಿಂದೆಯೂ ಅದೇ ತಂಡಕ್ಕೆ ಬಂದರು. ಮರಾಠಿ ಹುಡುಗ, ಕನ್ನಡದ ಗುರು, ಎರಡು ನಾಡುಗಳ ಎರಡು ತಂಡಗಳು. ಇಂಥ ದಾರಿ ಸುರಗಾಣಾದ, ಬೀಡಿನ ಇನ್ನಷ್ಟು ಮಕ್ಕಳಿಗೆ ತೆರೆಯಬೇಕಾದರೆ ಅವರನ್ನು ಕಂಡುಹಿಡಿಯುವ ಕಣ್ಣು ಬೇಕು. ಆ ಕಣ್ಣು ಇಲ್ಲಿ ಹೇರಳವಾಗಿದೆ. ಇನ್ನು ಬೇಕಾಗಿರುವುದು, ಮೂವತ್ತೆಂಟನೆಯ ನಿಮಿಷದಲ್ಲಿ ಆ ಮಕ್ಕಳ ಪರವಾಗಿ ತಣ್ಣಗೆ ಲೆಕ್ಕ ಹಾಕುವ ಒಂದು ತಲೆ. ತಾಯಿಗೆ ಕೊಟ್ಟ ಮಾತು ಪ್ರವೇಶಪತ್ರಕ್ಕೆ ಸಹಿ ಹಾಕಿದ ದಿನ ಮುಗಿಯುವುದಿಲ್ಲ. ಕೊನೆಯ ಸೀಟಿ ಊದುವವರೆಗೂ ಅದು ನಡೆಯಬೇಕಾದ ಮಾತು.